ಸುವರ್ಣಾಳ ಹೂವು ನನ್ನ ಹೊಟ್ಟೆಯಲ್ಲಿ

ನಾನು ಒಂದು ಹಾರ್ಡ್ ಡಿಸ್ಕ್. ಯಾವುದೋ ದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಗುಳೇದಗುಡ್ಡದ ನೇಕಾರರ ಮನೆ ಸೇರಿದೆ. ನನ್ನನ್ನು ಗುಜರಿ ಎನ್ನುವವರು ನನ್ನ ಕಥೆ ಕೇಳಿ ಆಮೇಲೆ ಮಾತಾಡಲಿ.

ಆ ಮನೆಯ ಸೊಸೆ ಸುವರ್ಣಾ, ಹೆಂಗಸರು ಕುಬಸ ಹೊಲಿಸಿಕೊಳ್ಳುವ ಖಣದ ಬಟ್ಟೆಗೆ ಕಂಪ್ಯೂಟರಿನಲ್ಲಿ ನಮೂನೆ ಬಿಡಿಸುವವಳು. ಅವನ್ನು ಇಡಲು ಪುಟ್ಟ ಸರ್ವರ್ ಒಂದನ್ನು ತಂದು, ನನ್ನನ್ನೂ ನನ್ನ ಜೊತೆಗಾರನನ್ನೂ ಅದರೊಳಗೆ ಕೂರಿಸಿದರು. ನಮ್ಮನ್ನು ಹೇಗೆ ದುಡಿಸಬೇಕೆಂದು ಮನೆಯಲ್ಲಿ ಜಟಾಪಟಿಯೇ ನಡೆಯಿತು.

"ಎರಡೂ ಕೂಡಿಸಿ ಒಂದ ಮಾಡೂಣ್ರಿ ವೈನಿ, ಜಾಗಾ ದುಪ್ಪಟ್ಟ ಸಿಗತೈತಿ," ಎಂದ ಮೈದುನ ಗುರುಬಸು.

"ಒಂದು ಸತ್ರ ಎರಡೂ ಹೋದಂಗ. ಬ್ಯಾಡ. ಒಂದರಾಗ ಬರದದ್ದು ಇನ್ನೊಂದರಾಗೂ ಇರಲಿ," ಎಂದಳು ಸುವರ್ಣಾ. ರೇಡ್ ಎಂಬ ಆ ಏರ್ಪಾಟಿನಲ್ಲಿ ನಾವು ಒಬ್ಬರಿಗೊಬ್ಬರು ಕನ್ನಡಿಯಾದೆವು.

ಆಯುಧಪೂಜೆ ಬಂತು. ಗುರುಬಸುವಿಗೆ ಭಕ್ತಿ ಉಕ್ಕಿತು. ನನ್ನನ್ನು ಹೊರಗೆಳೆದು, ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟ. ಮರಳಿ ಕೂರಿಸುವಾಗ ಕೇಬಲ್ಲನ್ನು ಪೂರ್ತಿ ಒತ್ತಲಿಲ್ಲ; ಅಂದಿನಿಂದ ಹೊಸದೇನೂ ನನಗೆ ತಲುಪಲಿಲ್ಲ. ಮಂಗಳಾರತಿ ನನಗೆ, ದುಡಿತವೆಲ್ಲ ಜೊತೆಗಾರನಿಗೆ! ಪರದೆಯ ಮೇಲೆ ಎಚ್ಚರಿಕೆ ಬಂದಾಗಲೆಲ್ಲ "ಆಮ್ಯಾಲ ನೋಡೂಣು" ಎಂದು ಮುಚ್ಚಿಬಿಡುತ್ತಿದ್ದ.

ಆಗಲೇ ಸುವರ್ಣಾ ತನ್ನದೇ ಒಂದು ಹೂವಿನ ಚಿತ್ತಾರ ಬಿಡಿಸಿದಳು. ತಲೆಮಾರುಗಳಿಂದ ಬಂದ ನಮೂನೆಯಲ್ಲ ಅದು. "ಇದನ್ನ ಯಾರು ತೊಡತಾರವಾ?" ಎಂದು ಓಣಿಯೇ ನಕ್ಕಿತು.

"ಯಾರೂ ತೊಡದಿದ್ರ ನಾ ತೊಡತೀನಿ," ಎಂದಳು.

ಅದು ಮಗ್ಗಕ್ಕೆ ಏರುವ ಮೊದಲೇ, ಒಂದು ಮಧ್ಯಾಹ್ನ, ಜೊತೆಗಾರ ಟಕ್ ಟಕ್ ಅನ್ನತೊಡಗಿದ; ಡಿಸ್ಕಿಗೆ ಅದು ಕೊನೆಗಾಲದ ಸದ್ದು. ಸುವರ್ಣಾ ಮುಚ್ಚಳ ತೆಗೆದಾಗ ನನ್ನ ಸಡಿಲ ಕೇಬಲ್ ಕಂಡಿತು; ಒತ್ತಿ ಕೂರಿಸಿದಳು.

"ಪೂಜಿ ಮಾಡಿದ ಡಿಸ್ಕ್ ಗಟ್ಟಿ ಐತ್ರಿ. ಇದರಿಂದ ಅದಕ್ಕ ಕಾಪಿ ಹೊಡಿಯೂಣು," ಎಂದು ಗುರುಬಸು ಕೀಲಿಮಣೆಗೆ ಕೈ ಹಾಕಿದ.

ನನ್ನ ಜೀವವೇ ಹಾರಿತು. ನನ್ನಲ್ಲಿ ಇದ್ದದ್ದು ಹಬ್ಬದ ಹಿಂದಿನದಷ್ಟೇ. ಅದನ್ನು ಅವನ ಮೇಲೆ ಬರೆದರೆ ಆ ಹೂವು ಅಳಿಸಿಹೋಗುತ್ತಿತ್ತು.

"ಕೈ ತಗಿ!" ಸುವರ್ಣಾ ಗುಡುಗಿದಳು. "ಕುಂಕುಮ ನೋಡಿ ಯಜಮಾನಕಿ ಕೊಡಬ್ಯಾಡ. ಸಾಯಾಕ ಬಂದದ್ದರಾಗ ನನ್ನ ಹೂ ಐತಿ. ಅದರಿಂದ ಇದಕ್ಕ ಬರೀಲಿ!"

ಜೊತೆಗಾರ ಏದುಸಿರು ಬಿಡುತ್ತಲೇ ಕೊಟ್ಟ, ನಾನು ಬಾಚಿ ಬಾಚಿ ತುಂಬಿಕೊಂಡೆ. ಎಲ್ಲ ಕೊಟ್ಟು ಮುಗಿಸಿ ಸಂಜೆಗೆ ಅವನು ನಿಂತೇಹೋದ. ನನಗೆ ಅಳು ಬಂತು.

ಈಗ ಸರ್ವರಿನಲ್ಲಿ ಹೊಸ ಜೋಡಿ ಇದೆ. ನನ್ನಲ್ಲಿದ್ದದ್ದನ್ನೆಲ್ಲ ಅವಕ್ಕೆ ಕೊಟ್ಟು, ವಯಸ್ಸಾದ ನಾನು ಕಿಟಕಿಯ ಕಟ್ಟೆಯ ಮೇಲೆ ಇದ್ದೇನೆ.

"ಇದನ್ನ ಗುಜರಿಗೆ ಹಾಕ್ಲೇನ್ರಿ ವೈನಿ?" ಎಂದು ಗುರುಬಸು ಹಬ್ಬ ಬಂದಾಗಲೆಲ್ಲ ಕೇಳುತ್ತಾನೆ.

"ನೀ ಮೊದಲ ಕೇಬಲ್ ನೋಡು," ಎನ್ನುತ್ತಾಳೆ ಅವಳು, ನನಗೂ ಕುಂಕುಮ ಇಡುತ್ತ.

ಎದುರಿನ ಮಗ್ಗದಲ್ಲಿ ಆ ಹೂವು ಸಾಲುಸಾಲಾಗಿ ಅರಳುತ್ತಿದೆ. ನಕ್ಕ ಓಣಿಯ ಹೆಣ್ಣುಮಕ್ಕಳೇ ಅದನ್ನು ತೊಟ್ಟು ನನ್ನ ಮುಂದೆ ಓಡಾಡುತ್ತಾರೆ. ನಾನು ಗುಜರಿಯಂತೆ! ಅನ್ನಲಿ ಬಿಡಿ.