ದಿಂಬಿನಕ್ಕನ ಹೆರಿಗೆ ಭತ್ಯೆ

ದಿಂಬಿನಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಗಾಳಿಯೇ ಬೆಳ್ಳಗೆ ಕಾಣುತ್ತಿತ್ತು. ಹಿಂಜಿದ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ಮೇಲೇರಿ, ಹೋಗುವ ಜಾಗ ಮರೆತವರ ಹಾಗೆ ತೇಲಾಡಿ, ಅವಳ ಕೂದಲ ಮೇಲೆ, ಹುಬ್ಬಿನ ಮೇಲೆ, ಈಗಷ್ಟೇ ದುಂಡಗಾಗತೊಡಗಿದ ಹೊಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ಊರಿನ ಅರ್ಧ ಜನ ತಲೆಯಿಟ್ಟು ಮಲಗುತ್ತಿದ್ದುದು ಅವಳು ತುಂಬಿದ ದಿಂಬಿನ ಮೇಲೆ. ಅವಳಿಗೆ ಮಾತ್ರ ತಲೆಯಿಡಲು ಪುರುಸೊತ್ತಿರಲಿಲ್ಲ.

ಮೊದಲ ಮಗಳು ಹುಟ್ಟಿದಾಗ ಅವಳು ಹಸಿಮೈಯಲ್ಲೇ ಎದ್ದು ಹತ್ತಿಯ ಮುಂದೆ ಕೂತಿದ್ದಳು. ಅದೇ ಕೋಣೆಯ ಮೂಲೆಯಲ್ಲಿ ಮಲಗಿದ್ದ ಕೂಸು ಆ ಧೂಳಿಗೆ ಕೆಮ್ಮಿ ಕೆಮ್ಮಿ ನೀಲಿಯಾಗಿತ್ತು. ಹೇಗೋ ಉಳಿಯಿತು. ಈ ಸಲದ ಕೂಸಿಗಾದರೂ ಮೊದಲ ಕೆಲವು ವಾರ ಹತ್ತಿಯಿಲ್ಲದ ಗಾಳಿ ಕೊಡಬೇಕು ಎಂಬುದೊಂದೇ ಅವಳ ಆಸೆ. ಆದರೆ ಅವಳ ಕೈ ನಿಂತರೆ ಮನೆಯ ಒಲೆಯೂ ನಿಲ್ಲುತ್ತದಲ್ಲ?

ಆ ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಹೊಸ್ತಿಲಲ್ಲೇ ಸೀನಿದರು.

"ಏನಮ್ಮಾ ಇದು, ಮೋಡದೊಳಗೆ ಸಂಸಾರ ಹೂಡಿದ್ದೀಯಾ? ಮೊನ್ನೆ ತಪಾಸಣೆಗೆ ಬಂದಾಗ ಕೆಲಸ ಏನು ಅಂತ ಕೇಳಿದ್ರೆ ಏನಂದೆ?"

"ಏನೂ ಇಲ್ಲ, ಮನೇಲೇ ಇರ್ತೀನಿ ಅಂದೆ."

"ಜಡೆ ತುಂಬಾ ಹತ್ತಿ ಮುಡ್ಕೊಂಡು ಹಾಗಂದ್ಯಲ್ಲ! ಅದಕ್ಕೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ದಿಂಬಿನಕ್ಕ ನಾಚಿ ನಕ್ಕಳು. "ಇದನ್ನೆಲ್ಲ ಕೆಲಸ ಅಂತಾರಾ ಸಿಸ್ಟರ್? ಸಂಬಳ ಇಲ್ಲ, ಹಾಜರಿ ಇಲ್ಲ."

"ಸ್ವಂತ ಕೆಲಸ ಅಂತಾರೆ. ಸ್ವಂತ ಕೆಲಸ ಮಾಡೋ ಹೆಂಗಸರಿಗೂ ನಮ್ಮಲ್ಲಿ ಹೆರಿಗೆ ಭತ್ಯೆ ಇದೆ. ನೀನು ಕೆಲಸ ಬಿಟ್ಟು ಮಗು ನೋಡ್ಕೊಳ್ಳೋ ವಾರಗಳಿಗೆ."

ಪಕ್ಕದಲ್ಲಿ ದಿಂಬಿನ ಬಾಯಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಅದೆಲ್ಲ ಆಫೀಸಿಗೆ ಹೋಗೋರಿಗೆ ಕಣಮ್ಮಾ. ನಮ್ಮ ಸಂಪಾದನೆ ಇರೋದೇ ನೊಣದ ರೆಕ್ಕೆಯಷ್ಟು. ಅಲ್ಲಿ ಹೋಗಿ ನಗೆಪಾಟಲಾಗಬೇಕಾ?"

"ಸಂಪಾದನೆ ಕಡಿಮೆ ಇದ್ರೆ ಭತ್ಯೆ ಕಡಿಮೆ ಆಗಬಹುದಮ್ಮ. ಸಿಗೋದೇ ಇಲ್ಲ ಅಂತ ಮನೇಲಿ ಕೂತು ನಾವೇ ಯಾಕೆ ತೀರ್ಪು ಕೊಡಬೇಕು? ಸರಿ, ಈ ಕೆಲಸ ಯಾರ ಹೆಸರಲ್ಲಿ ನೋಂದಣಿ ಆಗಿದೆ?"

"ನನ್ನ ಮಗನ ಹೆಸರಲ್ಲಿ. ಗಾಡಿ ಅವನದು, ಮಾರೋನು ಅವನು."

"ಹತ್ತಿ ಹಿಂಜೋರು?"

"ಇವಳು."

"ತುಂಬೋರು?"

"ಇವಳೇ."

"ಹೆರೋರು?"

ಅತ್ತೆ ಸೂಜಿ ಕೆಳಗಿಟ್ಟರು. "ಗಂಡಸರು ಹೆರೋ ಹಾಗಿದ್ರೆ ಭತ್ಯೆ ಯಾವತ್ತೋ ಬಾಗಿಲಿಗೇ ಬರ್ತಿತ್ತು ಬಿಡು!"

ಮೂವರೂ ನಕ್ಕ ರಭಸಕ್ಕೆ ಹತ್ತಿ ಇನ್ನಷ್ಟು ಎದ್ದಿತು. ಅದು ಇಳಿದ ಮೇಲೆ ನರ್ಸಮ್ಮ ಬಿಡಿಸಿ ಹೇಳಿದರು. ಕೆಲಸ ಇವಳದು, ಹೆಸರು ಗಂಡನದು ಎಂದಾದರೆ ಕಚೇರಿಯ ಕಣ್ಣಿಗೆ ಇವಳು ಕಾಣುವುದಿಲ್ಲ. ಇವಳ ಹೆಸರನ್ನೂ ನೋಂದಾಯಿಸಬೇಕು. ಹೆರಿಗೆಗೆ ಮುಂಚೆ ಇಷ್ಟು ಕಾಲ ದುಡಿದಿರಬೇಕು, ಭತ್ಯೆಯ ನಿಧಿಗೆ ಕಂತು ಕಟ್ಟಿರಬೇಕು ಎಂಬ ನಿಯಮ ಇರುತ್ತದೆ, ಆದ್ದರಿಂದ ಬೇಗ ಹೋಗಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

"ಹೆಂಡತಿ ಹೆಸರು ಸೇರಿಸಿದ್ರೆ ನಾಲ್ಕು ಜನ ಏನಂತಾರೆ?" ಅತ್ತೆಗೆ ಇನ್ನೂ ಸಮಾಧಾನವಿರಲಿಲ್ಲ.

ಗಾಡಿ ನಿಲ್ಲಿಸಿ ಒಳಗೆ ಬರುತ್ತಿದ್ದ ಮಗ ಉತ್ತರ ಕೊಟ್ಟ. "ದಿಂಬು ಚೆನ್ನಾಗಿದೆ ಅಂತಾರಮ್ಮ. ತುಂಬಿದ್ದು ನಾನಲ್ಲ ಅನ್ನೋದು ಅವರಿಗೂ ಗೊತ್ತು."

ನರ್ಸಮ್ಮ ಹೋದ ಮೇಲೆ ದಿಂಬಿನಕ್ಕ ಅರ್ಧ ತುಂಬಿದ ದಿಂಬಿನ ಮೇಲೆ ಹಾಗೇ ಒರಗಿದಳು. ಜೊಂಪು ಹತ್ತಿತು. ಕೋಣೆಯ ಗೋಡೆಗಳು ದೂರ ಸರಿದವು. ಗಾಳಿ ತಿಳಿನೀರಿನಂತೆ ಸ್ವಚ್ಛವಾಗಿತ್ತು. ಎಲ್ಲೋ ಹತ್ತಿರದಲ್ಲಿ ಪುಟ್ಟ ಉಸಿರೊಂದು ಬರುತ್ತಿತ್ತು, ಹೋಗುತ್ತಿತ್ತು. ಅವಳು ಅದನ್ನು ಕೇಳುತ್ತ ತಾನೂ ತೇಲುತ್ತಿದ್ದಳು. ಎಚ್ಚರವಾದಾಗ ಅತ್ತೆ ಅವಳ ಕೂದಲಿನಿಂದ ಒಂದೊಂದೇ ಎಳೆ ಹತ್ತಿ ಆರಿಸುತ್ತಿದ್ದರು.

"ನನ್ನ ಎರಡನೇ ಕೂಸು ಇದೇ ಕೋಣೇಲಿ ಹೋಯ್ತು," ಅತ್ತೆ ಮೆಲ್ಲಗೆ ಹೇಳಿದರು. "ಎದೆ ಗೊರಗೊರ ಅಂತಿತ್ತು. ಹತ್ತಿ ಬಿಟ್ಟು ಎದ್ದು ಹೋಗೋ ದಾರಿ ನನಗೆ ಯಾರೂ ತೋರಿಸಲಿಲ್ಲ. ನಾಳೆ ನಾನೇ ಬರ್ತೀನಿ, ನಡಿ."

ಮರುದಿನ ಕಚೇರಿಯ ಉದ್ದನೆಯ ಬೆಂಚಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕೂತರು. ಗುಮಾಸ್ತೆ ಎಲ್ಲ ಕೇಳಿಕೊಂಡು ಹೇಳಿದಳು, "ನಿಮ್ಮ ವರಮಾನ ಸಣ್ಣದು, ಭತ್ಯೆಯೂ ಸಣ್ಣದೇ. ಆದ್ರೆ ಹೆರಿಗೆಗೆ ಇನ್ನೂ ಸಮಯ ಇದೆ. ಈಗಲೇ ನೋಂದಾಯಿಸಿ ಕಂತು ಕಟ್ಟಿದ್ರೆ ನೀವು ಅರ್ಹರಾಗ್ತೀರಿ. ಮಗು ಎತ್ಕೊಂಡು ಬಂದಿದ್ರೆ ನಾನು ಬರೀ ಮಗು ಚೆನ್ನಾಗಿದೆ ಅಂತ ಹೇಳಬೇಕಾಗಿತ್ತು, ಅಷ್ಟೆ."

ಹೆಸರು ನೋಂದಣಿಯಾಯಿತು, ಕಂತು ಕಟ್ಟಿದರು, ದಿನ ತುಂಬಿ ಹೆರಿಗೆಯಾಯಿತು. ಭತ್ಯೆ ಬಂತು. ಅದರಲ್ಲಿ ಮಹಡಿ ಕಟ್ಟುವ ಹಾಗಿರಲಿಲ್ಲ, ಆದರೆ ಒಲೆ ಉರಿಯಿತು. ಮುಂದಿನ ಕೋಣೆಯನ್ನು ಅತ್ತೆಯೇ ಗುಡಿಸಿ, ಒರೆಸಿ, ಕಿಟಕಿ ತೆಗೆದಿಟ್ಟರು. ದಿಂಬು ಕೇಳಿಕೊಂಡು ಬಂದ ನೆರೆಯವನಿಗೆ ಹೊಸ್ತಿಲಲ್ಲೇ ಅಡ್ಡ ನಿಂತು ಪಿಸುಗುಟ್ಟಿದರು, "ಯಜಮಾನಿ ಬಾಣಂತಿ ಕಣಪ್ಪ. ಅವಳು ಕೆಲಸಕ್ಕೆ ಕೂರೋವರೆಗೂ ತೋಳು ಮಡಚಿ ತಲೆ ಇಟ್ಕೋ, ಹೋಗು." ಒಳಗೆ ತಾಯಿ, ಮಗು ಇಬ್ಬರೂ ನಿದ್ದೆಯಲ್ಲಿದ್ದರು.

ಅಕ್ಕ ತಂಗಿಯರೇ, ನೀವೂ ಮನೆಯಲ್ಲೇ ಹೊಲಿಯುತ್ತಿರಬಹುದು, ಹೆಣೆಯುತ್ತಿರಬಹುದು, ಬುಟ್ಟಿ ಹೊತ್ತು ಮಾರುತ್ತಿರಬಹುದು. ಅದು ದುಡಿಮೆಯೇ. ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ. ಈ ಕಥೆಯಲ್ಲಿ ಆದದ್ದೇ ನಿಮಗೂ ಆಗುತ್ತದೆ ಎಂದು ಕೂರಬೇಡಿ, ನಮಗೆಲ್ಲಿ ಸಿಗುತ್ತದೆ ಎಂದೂ ಕೂರಬೇಡಿ. ಬಸಿರು ಎಂದು ತಿಳಿದ ಕೂಡಲೇ ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನೋ ಹತ್ತಿರದ ಕಚೇರಿಯನ್ನೋ ಕೇಳಿ: ನಾನು ಅರ್ಹಳೇ, ನನ್ನ ಹೆಸರು ನೋಂದಣಿಯಾಗಿದೆಯೇ, ಇನ್ನೇನು ಮಾಡಬೇಕು? ಹೆಸರು ಆಗಲೇ ನೋಂದಣಿಯಾಗಿದ್ದರೆ, ಹೆರಿಗೆಗೆಂದು ಕೆಲಸ ನಿಲ್ಲಿಸುವಾಗ ಇದನ್ನೆಲ್ಲ ಕೇಳುವ ಮುಂಚೆಯೇ ಕೆಲಸ ಮುಚ್ಚಿದೆ ಎಂದು ಕಚೇರಿಗೆ ಬರೆದು ಕೊಡಬೇಡಿ. ಒಬ್ಬರೇ ಹೋಗಲು ಅಳುಕಾದರೆ ಯಾರನ್ನಾದರೂ ಕರೆದುಕೊಂಡು ಹೋಗಿ. ಅತ್ತೆಯೇ ಜೊತೆಗೆ ಬಂದರಂತೂ ಇನ್ನೂ ಒಳ್ಳೆಯದು.