ಫೇಲಾದ ಕಟ್ಟಡ

ಇನೆಜ್ ಕುವೈತಿನಲ್ಲಿ ಕಾರ್ಮಿಕರ ವಸತಿ ಕಟ್ಟಡಗಳನ್ನು ತಪಾಸಣೆ ಮಾಡಿ ಅಂಕ ಕೊಡುವ ಕಚೇರಿಯಲ್ಲಿದ್ದಳು. ನೂರಕ್ಕೆ ಅರವತ್ತು ಬಂದರೆ ಕಟ್ಟಡ ಪಾಸು. 2009ರ ಬೇಸಗೆಯಲ್ಲಿ ಮಹಬೂಲಾದ ಒಂದು ಕಟ್ಟಡಕ್ಕೆ ಹೋದಾಗ ಹಿಂದಿನ ಮೆಟ್ಟಿಲಿಗೂ ಮಂಚಗಳು ಬಂದಿದ್ದವು. ತುರ್ತು ಬಾಗಿಲಿಗೆ ಬೀಗ, ಹಾಸಿಗೆಗೆ ತಾಗಿ ಗ್ಯಾಸ್ ಸಿಲಿಂಡರ್.

ಅಲ್ಲಿ ಅಡುಗೆ ಮಾಡುತ್ತಿದ್ದವರು ಉಪ್ಪಿನಂಗಡಿ ಕಡೆಯ ಪುತ್ತಬ್ಬ. ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ, ಅದೇ ಕಡೆಯವಳಾದ ಇನೆಜಳನ್ನು ಬಾಯಮ್ಮ ಎಂದೇ ಕರೆಯುವವರು. ಅಂದು ಚಹಾ ಕೊಟ್ಟವರು ಹೋಗದೆ ನಿಂತರು.

“ಇದನ್ನು ಫೇಲ್ ಮಾಡ್ಬೇಡಿ ಬಾಯಮ್ಮ. ನಮ್ಮನ್ನು ಮರುಭೂಮಿಗೆ ಒಯ್ದು ಹಾಕ್ತಾರೆ. ಇಲ್ಲಿಯಾದ್ರೆ ಆಸ್ಪತ್ರೆ ಹತ್ತಿರ ಉಂಟು. ನನಗೆ ಶುಗರ್.”

“ಬೆಂಕಿ ಹಿಡಿದ್ರೆ ಎಲ್ಲಿಂದ ಓಡ್ತೀರಿ ಕಾಕ?”

ಪುತ್ತಬ್ಬ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಇನೆಜ್ ಕಂಡದ್ದನ್ನು ಕಂಡಂತೆ ಬರೆದಳು. ಮೂವತ್ತೆಂಟು ಅಂಕ. ಕಟ್ಟಡಕ್ಕೆ ಬೀಗ ಬಿತ್ತು.

ಕಂಪನಿ ಅವರನ್ನೆಲ್ಲ ವಫ್ರಾ ರಸ್ತೆಯಾಚೆ ಮರುಭೂಮಿಯ ತಗಡಿನ ಕೋಣೆಗಳಿಗೆ ಸಾಗಿಸಿತು. ಅಲ್ಲಿಗೂ ತಪಾಸಣೆಗೆ ಹೋಗುತ್ತೇನೆಂದರೆ ಮೇಲಧಿಕಾರಿ ಬರ್ನಾರ್ಡ್ ಬೇಡವೆಂದು ತಲೆಯಾಡಿಸಿದ. “ಅದು ತಾತ್ಕಾಲಿಕ ವಸತಿ ಇನೆಜ್. ಅದಕ್ಕೆ ಅಂಕ ಕೊಡುವ ಅಧಿಕಾರ ನಮಗಿಲ್ಲ.”

ಅವಳಿಗೆ ಸಮಾಧಾನವಾಗಲಿಲ್ಲ. ಶುಕ್ರವಾರದ ರಜೆಯ ದಿನ ಇಗರ್ಜಿಯ ಪೂಜೆ ಮುಗಿದದ್ದೇ ಗಂಡ ಕೊನ್ರಾಡನನ್ನು ಕರೆದುಕೊಂಡು ಆ ತಗಡಿನ ಕೋಣೆಗಳತ್ತ ಹೊರಟಳು. ಕೋಣೆಯ ಎಸಿ ಕೆಟ್ಟು ಬಹಳ ದಿನವಾಗಿತ್ತು. ಕಾದ ತಗಡಿನ ಕೆಳಗೆ ಪುತ್ತಬ್ಬ ಜ್ವರದಲ್ಲಿ ಮಲಗಿದ್ದರು. ಕಾಲಿನ ಹುಣ್ಣಿಗೆ ಸುತ್ತಿದ್ದ ಲುಂಗಿಯ ತುಂಡು ನೆನೆದು ಕಪ್ಪಾಗಿತ್ತು. ಆಸ್ಪತ್ರೆಗೆ ಒಯ್ಯಿರೆಂದು ಕೇಳಿದಾಗಲೆಲ್ಲ ಫೋರ್‌ಮನ್ “ನಾಳೆ ಗಾಡಿ ಬರ್ತದೆ” ಅಂದಿದ್ದನಂತೆ.

ಇಬ್ಬರೂ ಸೇರಿ ಅವರನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಇನೆಜ್ ಅಳುತ್ತಿದ್ದಳು.

“ಅಳ್ಬೇಡಿ ಬಾಯಮ್ಮ,” ಎಂದರು ಪುತ್ತಬ್ಬ. “ನೀವು ಬರೆದದ್ದು ಸುಳ್ಳಲ್ಲ.”

ನಂಜು ರಕ್ತಕ್ಕೇರಿತ್ತು. ಅವರು ಉಳಿಯಲಿಲ್ಲ.

ತಗಡಿನ ಕೋಣೆಗಳನ್ನೂ ತಪಾಸಣೆಗೆ ಸೇರಿಸಬೇಕೆಂದು ಇನೆಜ್ ಮೇಲಿನವರ ಮುಂದೆ ನಿಂತು ಜಗಳವಾಡಿದಳು. ಮುಂದಿನ ವರ್ಷ ನೋಡೋಣ ಎಂದರು.

ಊರಿಗೆ ಫೋನು ಮಾಡಿದವಳೂ ಅವಳೇ. ಪುತ್ತಬ್ಬರ ಹೆಂಡತಿ ಐಸಮ್ಮ ಅತ್ತು ಅತ್ತು ಕೊನೆಗೆ ಕೇಳಿದರು, “ಅವರಿದ್ದ ಜಾಗ ಒಳ್ಳೆದಿತ್ತಾ ಬಾಯಮ್ಮ? ತಂಪು ರೂಮು ಅಂತ ಹೇಳ್ತಿದ್ರು.”

ಹೌದು ಎನ್ನುವ ಮಾತು ಇನೆಜಳ ನಾಲಿಗೆಯ ತುದಿಗೆ ಬಂದಿತ್ತು.

“ಇಲ್ಲ ಐಸಮ್ಮ,” ಎಂದಳು. “ಒಳ್ಳೆದಿರ್ಲಿಲ್ಲ.”

ಐಸಮ್ಮ ತಾವಾಗಿಯೇ ಫೋನು ಇಡುವವರೆಗೆ ಇನೆಜ್ ಹಾಗೆಯೇ ಕಿವಿಗೊಟ್ಟು ಕುಳಿತಿದ್ದಳು.