ಎರಡು ಎಡತೋಳು

ಕ್ಯಾನ್ಸರ್ ಬಂದಾಗಿನಿಂದ ಹೊಲಿಗೆ ಅಂಗಡಿಯ ಹಿರಿಯ ಸೊಸೆಯ ಮೈ ಜಿಪುಣನಂತಾಗಿತ್ತು. ಎಷ್ಟು ನಿದ್ದೆ ಮಾಡಿದರೂ ಚಿಟಿಕೆಯಷ್ಟೇ ಶಕ್ತಿ ಕೊಡುತ್ತಿತ್ತು. "ಇರೋ ಶಕ್ತೀನ ನಿಮಗಿಷ್ಟವಾದ ಒಂದು ಕೆಲಸಕ್ಕೆ ಎತ್ತಿಡಿ, ಮಿಕ್ಕಿದ್ದು ಹಾಗೇ ಬಿದ್ದಿರಲಿ," ಎಂದಿದ್ದಳು ಆಸ್ಪತ್ರೆಯ ನರ್ಸ್.

ಅವಳಿಗಿಷ್ಟವಾದ ಕೆಲಸ ಓರಗಿತ್ತಿಯ ಜೊತೆ ಜಗಳ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಇವಳು ಕತ್ತರಿಸುವುದು, ಮೈದುನನ ಹೆಂಡತಿ ಹೊಲಿಯುವುದು. ಅಂಗಡಿ ತೆರೆದ ದಿನದಿಂದ ಕಾಲರಿಗೊಂದು ರಂಪ, ಗುಂಡಿಗೊಂದು ರಾದ್ಧಾಂತ. ಈಗ ನೋಡಿದರೆ ಆ ಬಜಾರಿ ಬೆಣ್ಣೆಯಾಗಿಬಿಟ್ಟಿದ್ದಳು. ಏನಂದರೂ "ಸರಿ ಅಕ್ಕ." ಅದನ್ನು ಕೇಳಿದಾಗಲೆಲ್ಲ ಹಿರಿಯಳಿಗೆ ಒಂದೇ ಯೋಚನೆ. ಹೊರಟು ನಿಂತವರ ಜೊತೆ ಯಾರು ಜಗಳವಾಡುತ್ತಾರೆ? ನಾನು ಉಳಿಯುವುದಿಲ್ಲವೆಂದು ಇವಳು ಆಗಲೇ ತೀರ್ಮಾನಿಸಿಬಿಟ್ಟಳೇ?

ಒಂದು ದಿನ ಅವಳು ಹಟ ತೊಟ್ಟಳು. ಕೂತೇ ಸ್ನಾನ ಮಾಡಿದಳು. ಪಾತ್ರೆಗಳು ಸಿಂಕಿನಲ್ಲೇ ಬಿದ್ದಿರಲೆಂದು ಬಿಟ್ಟಳು. ಗಂಡ ಕಾಲುಚೀಲ ಎಲ್ಲಿ ಎಂದರೆ ಹುಬ್ಬು ಕೂಡ ಎತ್ತಲಿಲ್ಲ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಅಂಗಡಿಗೆ ಹೋಗಿ, ಅದೇ ಗಂಡನ ಹೊಸ ಅಂಗಿಯ ತೋಳುಗಳನ್ನು ಬೇಕೆಂದೇ ಒಂದೇ ಕೈಗೆ ಕತ್ತರಿಸಿದಳು. ಎರಡೂ ಎಡಗೈಯವು.

"ಹೊಲಿ."

ಓರಗಿತ್ತಿ ತಿರುಗಿಸಿ ಮುರುಗಿಸಿ ನೋಡಿದಳು. ತುಟಿ ಕಚ್ಚಿದಳು. "ಸರಿ ಅಕ್ಕ."

ಮೊದಲ ತೋಳು ಕೂತಿತು. ಎರಡನೆಯದರ ಅರ್ಧಕ್ಕೆ ಮಿಷೀನು ಗಕ್ಕನೆ ನಿಂತಿತು.

"ಭಾವನಿಗೇನು ಎರಡೂ ಎಡಗೈನಾ? ಕಣ್ಣೇನು ನೆತ್ತಿ ಮೇಲಿದೆಯಾ ನಿಮಗೆ? ಇಷ್ಟು ವರ್ಷ ಕತ್ತರಿ ಹಿಡಿದು ಮಣ್ಣು ಹೊತ್ರಾ?" ಎಂದು ಶುರುವಾದವಳು ಬೀದಿಯವರು ಇಣುಕುವಂತೆ ಕೂಗಿದಳು. ಕೂಗುತ್ತ ಕೂಗುತ್ತ ಅತ್ತೇಬಿಟ್ಟಳು. "ನಿಮಗೆ ಸುಸ್ತಾಗುತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನನ್ನ ಸಂಕಟ ನಿಮಗೇನು ಗೊತ್ತು!"

ಹಿರಿಯಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಕ್ಕ ಉತ್ತರ ಕೊಡೋಣವೆಂದು ಎದ್ದರೆ, ಉಳಿಸಿಟ್ಟಿದ್ದ ಶಕ್ತಿಯೆಲ್ಲ ಆ ತೋಳು ಕತ್ತರಿಸುವುದರಲ್ಲೇ ಮುಗಿದಿತ್ತು. ಸ್ಟೂಲಿನ ಮೇಲೆ ಕುಸಿದಳು.

"ನನ್ನ ಕೈಲಾಗ್ತಿಲ್ಲ ಕಣೇ. ನನ್ನ ಪಾಲಿಂದೂ ನೀನೇ ಬೈ."

ಓರಗಿತ್ತಿ ಮೂಗು ಒರೆಸಿಕೊಂಡು ಪಕ್ಕಕ್ಕೆ ಬಂದು ಕೂತಳು. ಸ್ವಲ್ಪ ಯೋಚಿಸಿ, ಹಿರಿಯಳದೇ ಗತ್ತಿನಲ್ಲಿ ತನ್ನನ್ನೇ ಬೈಯತೊಡಗಿದಳು: "ಲೇ ಬಾಯಿಬಡುಕಿ, ದೊಡ್ಡವರು ಚಿಕ್ಕವರು ಅನ್ನೋದು ಬೇಡ್ವೇನೇ ನಿನಗೆ?"

ಹಿರಿಯಳು ಅವಳ ಭುಜಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

"ಅಷ್ಟು ಮೆತ್ತಗೆ ನಾನು ಯಾವತ್ತು ಬೈದಿದ್ದೀನೇ? ಇನ್ನೂ ಜೋರಾಗಿ."